ತುರಿಕೆ, ಉರಿ, ಬಿಳಿ ಸೆರಗು: ಯೀಸ್ಟ್ ಸೋಂಕನ್ನು ಗುರುತಿಸುವುದು ಹೇಗೆ, ಔಷಧಿ ತೆಗೆದುಕೊಳ್ಳುವುದು ಹೇಗೆ

ಮೂರು ವರ್ಷದ ಹಿಂದಿನ ಮಾತು. ಗಂಟಲು ನೋವಿಗೆ ಅಂತ ಐದು ದಿನ ಆಂಟಿಬಯಾಟಿಕ್ ನುಂಗಿದ್ದೆ. ಗಂಟಲು ಸರಿಹೋಯಿತು, ಕೆಳಗೆ ತುರಿಕೆ ಶುರುವಾಯಿತು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಸಂಜೆ ಮೆಡಿಕಲ್ ಶಾಪ್‌ಗೆ ಹೋದೆ. ಕೌಂಟರ್ ಮುಂದೆ ಮೂವರು ಗಂಡಸರು ನಿಂತಿದ್ದರು. ನನ್ನ ಬಾಯಿಂದ ಬಂದದ್ದು "ಒಂದು ಸ್ಟ್ರಿಪ್ ಪ್ಯಾರಾಸಿಟಮಾಲ್ ಕೊಡಿ" ಅಂತ. ಅದನ್ನೇ ತೆಗೆದುಕೊಂಡು ಮನೆಗೆ ಬಂದೆ.

ಮಾರನೇ ದಿನ ಮಧ್ಯಾಹ್ನ, ಅಂಗಡಿ ಖಾಲಿ ಇರುವ ಹೊತ್ತು ನೋಡಿ ಮತ್ತೆ ಹೋದೆ. "ತುರಿಕೆ" ಎಂದಷ್ಟೇ ಹೇಳಿದೆ. ಎಲ್ಲಿ, ಎಷ್ಟು ದಿನದಿಂದ ಅಂತ ಏನೂ ಕೇಳದೆ ಆತ ಒಂದು ಟ್ಯೂಬ್ ತೆಗೆದು ಕವರಿಗೆ ಹಾಕಿದ. "ಎಲ್ಲದಕ್ಕೂ ಆಗುತ್ತೆ ಮೇಡಂ." ಎರಡು ದಿನ ತಣ್ಣಗಿತ್ತು. ಎರಡನೇ ವಾರಕ್ಕೆ ಚರ್ಮ ಸುಟ್ಟ ಹಾಗೆ ಕೆಂಪಾಯಿತು. ಕೊನೆಗೂ ಲೇಡಿ ಡಾಕ್ಟರ್ ಹತ್ತಿರ ಹೋದೆ. ಅವರು ಟ್ಯೂಬ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ತೋರಿಸಿದರು. "ಇದನ್ನ ಯಾರಮ್ಮ ಕೊಟ್ಟಿದ್ದು?" ಫಂಗಸ್ ಔಷಧಿಯ ಜೊತೆಗೆ ಕ್ಲೋಬೆಟಸಾಲ್ ಅನ್ನುವ ಬಲವಾದ ಸ್ಟೀರಾಯ್ಡ್ ಇತ್ತು ಅದರಲ್ಲಿ.

ಯೀಸ್ಟ್ ಸೋಂಕಿನ, ಅಂದರೆ ಯೋನಿಯಲ್ಲಿ ಒಂದು ಬಗೆಯ ಫಂಗಸ್ ಮಿತಿಮೀರಿ ಬೆಳೆಯುವುದರ ಬಗ್ಗೆ, ಆ ಟ್ಯೂಬ್ ಕೊಳ್ಳುವ ಮುಂಚೆ ಯಾರಾದರೂ ನನಗೆ ಹೇಳಿದ್ದರೆ ಚೆನ್ನಾಗಿತ್ತು ಅನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿಕೊಂಡು ಡಾಕ್ಟರ್ ಹತ್ತಿರ ಹೋದರೆ ಮಾತು ಸಲೀಸಾಗುತ್ತದೆ, ಅಷ್ಟೇ.

ಬಿಳಿ ಹೋಗುವುದೆಲ್ಲ ರೋಗವಲ್ಲ

ಮೊದಲು ಇದು ಗೊತ್ತಿರಬೇಕು. ಮುಟ್ಟಾಗುವ ವಯಸ್ಸಿನ ಪ್ರತಿ ಹೆಣ್ಣಿಗೂ ಸ್ವಲ್ಪ ಬಿಳಿ ಹೋಗುತ್ತದೆ. ಎರಡು ಮುಟ್ಟಿನ ನಡುವೆ, ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ, ಅದು ಮೊಟ್ಟೆಯ ಬಿಳಿ ಲೋಳೆಯ ಹಾಗೆ ತೆಳ್ಳಗೆ, ಎಳೆದರೆ ದಾರವಾಗುವ ಹಾಗೆ ಇರುತ್ತದೆ. ಆಮೇಲೆ ಸ್ವಲ್ಪ ಗಟ್ಟಿಯಾಗುತ್ತದೆ. ಬಸುರಿಯಲ್ಲಿ ಜಾಸ್ತಿ. ತುರಿಕೆ, ಉರಿ, ಕೆಟ್ಟ ವಾಸನೆ ಇಲ್ಲದಿದ್ದರೆ ಅದಕ್ಕೆ ಔಷಧಿ ಬೇಡ.

ನಮ್ಮ ಕಡೆ ಅಜ್ಜಿಯರು "ಬಿಳಿ ಹೋದರೆ ಮೂಳೆ ಕರಗುತ್ತೆ" ಎಂದು ಹೆದರಿಸುತ್ತಿದ್ದರು. ಅದು ನಿಜವಲ್ಲ. ಸುಸ್ತು, ಸೊಂಟನೋವು ಇದ್ದರೆ ಅದಕ್ಕೆ ರಕ್ತಹೀನತೆಯೋ ಮತ್ತೊಂದೋ ಕಾರಣ ಇರುತ್ತದೆ, ಅದನ್ನು ಬೇರೆಯಾಗಿಯೇ ನೋಡಿಸಬೇಕು. "ಉಷ್ಣ ಆಗಿದೆ" ಅಂತ ಎಳನೀರು, ಕಾಮಕಸ್ತೂರಿ ಬೀಜದ ಪಾನಕ ಕುಡಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಯೀಸ್ಟ್ ಅದರಿಂದ ಹೋಗುವುದಿಲ್ಲ.

ಹಾಗಾದರೆ ಈ ಯೀಸ್ಟ್ ಎಲ್ಲಿಂದ ಬರುತ್ತದೆ? ಹೆಚ್ಚಿನ ಸಲ ಹೊರಗಿನಿಂದ ಬರುವುದೇ ಇಲ್ಲ. ಕ್ಯಾಂಡಿಡಾ ಅನ್ನುವ ಈ ಫಂಗಸ್ ಆರೋಗ್ಯವಾಗಿರುವ ನೂರು ಹೆಂಗಸರಲ್ಲಿ 10ರಿಂದ 20 ಮಂದಿಯ ಯೋನಿಯಲ್ಲಿ ಸುಮ್ಮನೆ ಇದ್ದುಬಿಟ್ಟಿರುತ್ತದೆ. ಅದರ ಜೊತೆಗೆ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಗಳೂ ಇರುತ್ತವೆ. ಇವು ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾಗಳ ಬಳಗದವೇ. ಅವು ಒಳಗಡೆ ಸ್ವಲ್ಪ ಹುಳಿ ಗುಣ ಉಳಿಸಿಕೊಂಡು ಬೇರೆ ಸೂಕ್ಷ್ಮಜೀವಿಗಳಿಗೆ ಜಾಸ್ತಿ ಜಾಗ ಕೊಡುವುದಿಲ್ಲ. ಗಂಟಲಿಗೆ ಅಂತ ನಾವು ನುಂಗಿದ ಆಂಟಿಬಯಾಟಿಕ್ ಇವನ್ನೂ ಕೊಂದುಬಿಡುತ್ತದೆ. ಬೆಳೆ ಕಿತ್ತ ಹೊಲದಲ್ಲಿ ಕಳೆ ಏಳುವ ಹಾಗೆ ಯೀಸ್ಟ್ ಏಳುತ್ತದೆ. ಬಸುರಿ, ಹತೋಟಿಯಲ್ಲಿ ಇಲ್ಲದ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ರೋಗನಿರೋಧಕ ಶಕ್ತಿ ಕುಗ್ಗಿರುವುದು, ಇವೂ ಇದಕ್ಕೆ ಅನುಕೂಲ ಮಾಡಿಕೊಡುತ್ತವೆ.

ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುವವರು ನಾಲ್ವರಲ್ಲಿ ಮೂವರು. ಅಂದರೆ ನೀವು ಬಸ್ಸಿನ ಲೇಡೀಸ್ ಸೀಟಿನಲ್ಲಿ ಕೂತಿದ್ದರೆ ಪಕ್ಕದಲ್ಲಿ ಇರುವವರಿಗೂ ಬಹುಶಃ ಆಗಿದೆ. ಯಾರೂ ಹೇಳಿಕೊಳ್ಳುವುದಿಲ್ಲ, ಅಲ್ವಾ?

ಹೆಜ್ಜೆ 1: ನೋಡಿಕೊಳ್ಳಿ, ಮೂಸಿಕೊಳ್ಳಿ

ಮುಜುಗರ ಬಿಡಿ. ಕೈಗನ್ನಡಿ ಹಿಡಿದು, ಬೆಳಕಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಯೀಸ್ಟ್ ಆಗಿದ್ದರೆ ಮುಖ್ಯ ಲಕ್ಷಣ ತುರಿಕೆ. ಯೋನಿಯ ಬಾಯಿ, ತುಟಿಗಳು ಕೆಂಪಾಗಿ ಊದಿಕೊಂಡಿರಬಹುದು. ಕೆರೆದು ಕೆರೆದು ಸಣ್ಣ ಸೀಳು ಬಿಟ್ಟಿರಬಹುದು. ಬಿಳಿ ಗಟ್ಟಿಯಾಗಿ, ಬಟ್ಟೆಯಲ್ಲಿ ನೀರು ಬಸಿದ ಮೊಸರಿನ ಹಾಗೆ ಗರಣೆ ಗರಣೆಯಾಗಿ ಇರುತ್ತದೆ. ಎಲ್ಲರಲ್ಲೂ ಹೀಗೇ ಇರಬೇಕೆಂದಿಲ್ಲ, ಕೆಲವರಿಗೆ ಬಿಳಿಯೇ ಕಾಣದೆ ಬರೀ ತುರಿಕೆ ಇರುತ್ತದೆ. ವಾಸನೆ ಮಾತ್ರ ಅಷ್ಟಾಗಿ ಇರುವುದಿಲ್ಲ. ಇದನ್ನು ನೆನಪಿಡಿ. ಮೂತ್ರ ಮಾಡುವಾಗ ಉರಿಯುತ್ತದೆ, ಆದರೆ ಮೂತ್ರ ಹೊರಗಿನ ಹುಣ್ಣಾದ ಚರ್ಮಕ್ಕೆ ತಾಗಿದಾಗ ಬರುವ ಉರಿ ಅದು.

ಈಗ ಯೀಸ್ಟ್ ಅಲ್ಲದವು. ತೆಳ್ಳಗೆ, ಬೂದು ಬಣ್ಣ, ಮೀನಿನ ವಾಸನೆ, ಅದೂ ಗಂಡ ಹೆಂಡತಿ ಕೂಡಿದ ಮೇಲೆ ಜಾಸ್ತಿ ಅನಿಸಿದರೆ ಅದು ಬ್ಯಾಕ್ಟೀರಿಯಾದ ಏರುಪೇರು. ಹಳದಿ ಹಸಿರು, ನೊರೆ ನೊರೆ, ಜೊತೆಗೆ ವಾಸನೆ ಇದ್ದರೆ ಟ್ರೈಕೋಮೊನಾಸ್ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಇರಬಹುದು. ಅದು ಲೈಂಗಿಕ ಸಂಪರ್ಕದಿಂದ ಹರಡುವಂಥದ್ದು, ಗಂಡನಿಗೂ ಔಷಧಿ ಬೇಕು. ಮತ್ತೆ ಮತ್ತೆ ಮೂತ್ರಕ್ಕೆ ಓಡುವಂತಾಗಿ, ಉರಿ ಒಳಗಿನಿಂದಲೇ ಬಂದರೆ ಉರಿಮೂತ್ರ, ಅಂದರೆ ಮೂತ್ರದ ಸೋಂಕು. ಹೊಸ ಸೋಪು, ಪರಿಮಳದ ಪ್ಯಾಡು, ಕೂದಲು ತೆಗೆಯುವ ಕ್ರೀಮು ಬಳಸಿದ ಎರಡು ದಿನಕ್ಕೆ ತುರಿಕೆ ಬಂದರೆ ಬರೀ ಅಲರ್ಜಿಯೂ ಆಗಿರಬಹುದು.

"ನನಗೆ ಗೊತ್ತಾಗುತ್ತೆ ಬಿಡಿ" ಅಂತ ನಾನೂ ಅಂದುಕೊಂಡಿದ್ದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಾವೇ ಅಂಗಡಿಯಿಂದ ಯೀಸ್ಟ್ ಔಷಧಿ ಕೊಂಡ 95 ಹೆಂಗಸರನ್ನು ಪರೀಕ್ಷೆ ಮಾಡಿದರು. ಬರೀ ಯೀಸ್ಟ್ ಇದ್ದದ್ದು ಸುಮಾರು ಮೂವರಲ್ಲಿ ಒಬ್ಬರಿಗೆ. ಉಳಿದವರ ತೊಂದರೆ ಬೇರೆ, ಅಥವಾ ಅದರ ಜೊತೆಗೆ ಇನ್ನೊಂದು.

ಹೆಜ್ಜೆ 2: ಯಾರು ಡಾಕ್ಟರ್ ಹತ್ತಿರವೇ ಹೋಗಬೇಕು

ಮೊದಲ ಸಲ ಆಗಿದ್ದರೆ ಹೋಗಿ. ಬಸುರಿಯಾಗಿದ್ದರೆ ಹೋಗಿ. ಜ್ವರ, ಕಿಬ್ಬೊಟ್ಟೆ ನೋವು, ಮುಟ್ಟಲ್ಲದ ರಕ್ತ, ಗುಳ್ಳೆ, ಹುಣ್ಣು ಇದ್ದರೆ ಅದೇ ದಿನ ಹೋಗಿ. ಇನ್ನೂ ದೊಡ್ಡವಳಾಗದ ಹುಡುಗಿಗೆ ತುರಿಕೆ ಇದ್ದರೆ ಅದು ಯೀಸ್ಟ್ ಆಗಿರುವುದು ಕಡಿಮೆ, ಮಕ್ಕಳ ಡಾಕ್ಟರಿಗೆ ತೋರಿಸಿ. ಮುಟ್ಟು ನಿಂತ ಅಮ್ಮ, ಅತ್ತೆಯರಿಗೂ ಅದೇ ಮಾತು. ಆ ವಯಸ್ಸಿನಲ್ಲಿ ತುರಿಕೆಗೆ ಹೆಚ್ಚಾಗಿ ಹಾರ್ಮೋನ್ ಕಡಿಮೆಯಾಗಿ ಒಣಗುವುದು ಕಾರಣ, ಕೆಲವೊಮ್ಮೆ ಆ ಜಾಗದಲ್ಲಿ ಬಿಳಿ ಮಚ್ಚೆ ಮೂಡಿಸುವ ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮದ ಕಾಯಿಲೆ. ಸಕ್ಕರೆ ಕಾಯಿಲೆ ಇದ್ದರೆ ಯೀಸ್ಟೂ ಇರಬಹುದು. ಊಹೆಯಲ್ಲಿ ಕ್ರೀಮ್ ಹಚ್ಚುತ್ತಾ ವರ್ಷ ಕಳೆಯಬೇಡಿ.

ಮದುವೆಯಾಗದ ಹುಡುಗಿಯರಿಗೆ ಒಂದು ಮಾತು. ಇದು ಲೈಂಗಿಕ ಕಾಯಿಲೆ ಅಲ್ಲ. ಸಂಬಂಧವೇ ಇಲ್ಲದವರಿಗೂ ಬರುತ್ತದೆ. "ಮದುವೆ ಆಗಿದೆಯಾ?" ಎಂದು ಡಾಕ್ಟರ್ ಕೇಳಿದರೆ ಅದು ಹೇಗೆ ಪರೀಕ್ಷೆ ಮಾಡಬೇಕು ಎಂದು ತಿಳಿಯಲು. ಹತ್ತಿ ಸುತ್ತಿದ ಕಡ್ಡಿಯಿಂದ ಸ್ವಲ್ಪ ಸ್ರಾವ ತೆಗೆದುಕೊಂಡರೆ ಸಾಕು, ಒಳಗೆ ಸಲಕರಣೆ ಹಾಕಲೇಬೇಕೆಂದಿಲ್ಲ. ಬೇಡ ಅನಿಸಿದರೆ ಬಾಯಿಬಿಟ್ಟು ಹೇಳಿ.

ಹೆಜ್ಜೆ 3: ಅಲ್ಲಿ ಏನಾಗುತ್ತದೆ

ಹೋಗುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವಾಗ ಶುರುವಾಯಿತು, ಕೊನೆಯ ಮುಟ್ಟಿನ ದಿನ, ಈ ತಿಂಗಳು ನುಂಗಿದ ಮಾತ್ರೆಗಳು, ಹಚ್ಚಿದ ಟ್ಯೂಬು. ಟ್ಯೂಬನ್ನೇ ಬ್ಯಾಗಿಗೆ ಹಾಕಿಕೊಂಡು ಹೋದರೆ ಇನ್ನೂ ಒಳ್ಳೆಯದು. ಹಿಂದಿನ ರಾತ್ರಿ ಒಳಗೆ ಏನೂ ಇಡಬೇಡಿ, ತೊಳೆದು ತೊಳೆದು ಹೋಗಬೇಡಿ. ತೊಳೆದರೆ ಡಾಕ್ಟರಿಗೆ ನೋಡಲು ಏನೂ ಉಳಿಯುವುದಿಲ್ಲ.

ಸ್ರಾವವನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಅದಕ್ಕೆ ಕೆಒಎಚ್ ಅನ್ನುವ ಕ್ಷಾರದ ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಯೀಸ್ಟ್ ಇದ್ದರೆ ಮೊಳಕೆಯೊಡೆದ ಕಾಳಿನಂಥ ಕಣಗಳು, ಉದ್ದನೆಯ ಎಳೆಗಳು ಕಾಣುತ್ತವೆ. ಹುಳಿ ಗುಣ ಅಳೆಯುವ ಕಾಗದದಿಂದಲೂ ಸುಳಿವು ಸಿಗುತ್ತದೆ. ಆ ಅಳತೆಗೆ ಪಿಎಚ್ ಅನ್ನುತ್ತಾರೆ, ಹುಳಿ ಕಡಿಮೆಯಾದಷ್ಟೂ ಅಂಕಿ ಜಾಸ್ತಿ. ಯೀಸ್ಟ್‌ನಲ್ಲಿ ಪಿಎಚ್ 4.5ರ ಒಳಗೇ ಇರುತ್ತದೆ, ಮೀನಿನ ವಾಸನೆಯ ತೊಂದರೆಯಲ್ಲಿ ಅದಕ್ಕಿಂತ ಜಾಸ್ತಿ.

ದುಡ್ಡಿನ ಚಿಂತೆ ಇದ್ದರೆ ಸರ್ಕಾರಿ ಆಸ್ಪತ್ರೆ ಇದೆ. ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ "ಸುರಕ್ಷಾ ಕ್ಲಿನಿಕ್" ಎಂಬ ಹೆಸರಿನಲ್ಲಿ ಈ ಬಗೆಯ ಸೋಂಕುಗಳಿಗೆ ಉಚಿತವಾಗಿ ನೋಡುತ್ತಾರೆ. ಅಲ್ಲಿ ಬಣ್ಣದ ಲೆಕ್ಕದಲ್ಲಿ ಔಷಧಿಯ ಕಿಟ್ ಇರುತ್ತದೆ. ಯೋನಿ ಸ್ರಾವಕ್ಕೆ ಕೊಡುವುದು ಹಸಿರು ಕಿಟ್. ಅದರಲ್ಲಿ ಬ್ಯಾಕ್ಟೀರಿಯಾ, ಟ್ರೈಕೋಮೊನಾಸ್‌ಗೆ ಸೆಕ್ನಿಡಜೋಲ್ ಮತ್ತು ಯೀಸ್ಟ್‌ಗೆ ಫ್ಲೂಕೊನಜೋಲ್ ಎರಡೂ ಇರುತ್ತವೆ, ಲ್ಯಾಬ್ ಇಲ್ಲದ ಕಡೆ ಎರಡೂ ಸಾಧ್ಯತೆಗೆ ಒಟ್ಟಿಗೆ ಚಿಕಿತ್ಸೆ ಆಗಲಿ ಅಂತ. ಬಸುರಿಯಾಗಿದ್ದರೆ, ಅನುಮಾನವಿದ್ದರೂ ಸರಿ, ಕಿಟ್ ತೆಗೆದುಕೊಳ್ಳುವ ಮುಂಚೆಯೇ ಹೇಳಿಬಿಡಿ.

ಹೆಜ್ಜೆ 4: ಔಷಧಿ

ಸಾಮಾನ್ಯ ಯೀಸ್ಟ್‌ಗೆ ಎರಡು ದಾರಿ. ಒಂದು, ಯೋನಿಯೊಳಗೆ ಇಡುವ ಕ್ಲೋಟ್ರಿಮಜೋಲ್ ಮಾತ್ರೆ. 500 ಮಿ.ಗ್ರಾಂ.ನದ್ದಾದರೆ ಒಂದೇ ರಾತ್ರಿ, 200 ಮಿ.ಗ್ರಾಂ. ಆದರೆ ಮೂರು ರಾತ್ರಿ, 100 ಮಿ.ಗ್ರಾಂ. ಆದರೆ ಆರೇಳು ರಾತ್ರಿ. ಇನ್ನೊಂದು, ಬಾಯಲ್ಲಿ ನುಂಗುವ ಫ್ಲೂಕೊನಜೋಲ್ 150 ಮಿ.ಗ್ರಾಂ., ಒಂದೇ ಒಂದು. ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ. ಪೂರ್ತಿ ತೆಗೆದುಕೊಂಡ ನೂರರಲ್ಲಿ 80-90 ಮಂದಿಗೆ ವಾಸಿಯಾಗುತ್ತದೆ. ಹೊರಗಿನ ತುರಿಕೆಗೆ ಬರೀ ಕ್ಲೋಟ್ರಿಮಜೋಲ್ ಕ್ರೀಮ್ ಹಚ್ಚಿಕೊಳ್ಳಬಹುದು. ಊತ, ಸೀಳು ಜಾಸ್ತಿ ಇದ್ದರೆ ಡಾಕ್ಟರ್ ಮೂರು ದಿನ ಬಿಟ್ಟು ಇನ್ನೊಂದು ಫ್ಲೂಕೊನಜೋಲ್ ಬರೆಯುತ್ತಾರೆ.

ನುಂಗುವ ಮಾತ್ರೆ ಸುಲಭ ಅಂತ ಎಲ್ಲರೂ ಅದನ್ನೇ ಕೇಳುತ್ತಾರೆ. ಆದರೆ ಬಸುರಿಯರಿಗೆ ಅದು ಬೇಡ, ಅವರಿಗೆ ಒಳಗೆ ಇಡುವ ಔಷಧಿಯೇ, ಏಳು ದಿನ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕೆಲವು ಶುಗರ್ ಮತ್ತು ಕೊಲೆಸ್ಟ್ರಾಲ್ ಮಾತ್ರೆಗಳ ಜೊತೆ ಇದು ಜಗಳವಾಡುತ್ತದೆ. ಲಿವರ್ ತೊಂದರೆ ಇರುವವರೂ, ಎದೆಹಾಲು ಕೊಡುವವರೂ ಮೊದಲೇ ಹೇಳಿ.

ಅಂಗಡಿಯವರು "ವೈಟ್ ಡಿಸ್ಚಾರ್ಜ್" ಎಂದ ತಕ್ಷಣ ಕೊಡುವ ಮೆಟ್ರೋನಿಡಜೋಲ್ ಯೀಸ್ಟ್ ಅನ್ನು ಕೊಲ್ಲುವುದಿಲ್ಲ. ಅದು ಬ್ಯಾಕ್ಟೀರಿಯಾ ಮತ್ತು ಟ್ರೈಕೋಮೊನಾಸ್‌ಗೆ. ಅದನ್ನು ತೆಗೆದುಕೊಂಡ ಮೇಲೆಯೇ ಕೆಲವರಿಗೆ ಯೀಸ್ಟ್ ಶುರುವಾಗುವುದುಂಟು.

ಆ "ಎಲ್ಲದಕ್ಕೂ ಆಗುವ" ಟ್ಯೂಬಿನ ವಿಷಯಕ್ಕೆ ಬರೋಣ. ಒಂದು ಆಂಟಿಫಂಗಲ್, ಒಂದು ಆಂಟಿಬಯಾಟಿಕ್, ಒಂದು ಸ್ಟೀರಾಯ್ಡ್, ಮೂರನ್ನೂ ಕಲಸಿದ ಕ್ರೀಮುಗಳು ನಮ್ಮ ದೇಶದಲ್ಲಿ ಧಾರಾಳವಾಗಿ ಮಾರಾಟವಾಗಿವೆ. ಸ್ಟೀರಾಯ್ಡ್ ತುರಿಕೆಯನ್ನು ಒಂದೇ ದಿನದಲ್ಲಿ ಅಡಗಿಸುತ್ತದೆ, ಅದಕ್ಕೇ ಜನ ಮೆಚ್ಚಿಕೊಳ್ಳುತ್ತಾರೆ. ಒಳಗಿಂದೊಳಗೆ ಫಂಗಸ್ ಆರಾಮಾಗಿ ಬೆಳೆಯುತ್ತಿರುತ್ತದೆ. ಆ ಜಾಗದ ಚರ್ಮ ಮೊದಲೇ ನಾಜೂಕು, ಇನ್ನೂ ತೆಳ್ಳಗಾಗಿ ಉರಿಯತೊಡಗುತ್ತದೆ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳನ್ನು 2018ರಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದರು. ಪಟ್ಟಿ ಪಟ್ಟಿಯ ಪಾಡಿಗೆ, ಕೌಂಟರ್ ಕೌಂಟರಿನ ಪಾಡಿಗೆ. ಟ್ಯೂಬಿನ ಹಿಂದಿನ ಸಣ್ಣ ಅಕ್ಷರದಲ್ಲಿ ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಕಂಡರೆ ಡಾಕ್ಟರ್ ಹೇಳದೆ ಹಚ್ಚಬೇಡಿ.

ಹೆಜ್ಜೆ 5: ಒಳಗೆ ಇಡುವ ಮಾತ್ರೆ ಇಡುವುದು ಹೇಗೆ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಚೀಟಿಯಲ್ಲಿ "ರಾತ್ರಿ 1" ಎಂದು ಇರುತ್ತದೆ, ಅಷ್ಟೇ. ನನ್ನ ಚಿಕ್ಕಮ್ಮ ಒಬ್ಬರು ಆ ದೊಡ್ಡ ಮಾತ್ರೆಯನ್ನು ಎರಡು ತುಂಡು ಮಾಡಿ ನೀರಿನ ಜೊತೆ ನುಂಗಿದ್ದರು. ಕವರಿನ ಮೇಲಿನ ಇಂಗ್ಲಿಷ್ ಅವರಿಗೆ ಓದಲು ಬರುತ್ತಿರಲಿಲ್ಲ. ತಪ್ಪು ಅವರದ್ದಲ್ಲ.

ಮಲಗುವ ಹೊತ್ತಿಗೆ ಮಾಡಿ, ಎದ್ದು ಓಡಾಡಿದರೆ ಔಷಧಿ ಇಳಿದುಬಿಡುತ್ತದೆ. ಮೂತ್ರ ಮಾಡಿ ಬನ್ನಿ. ಉಗುರು ಚಿಕ್ಕದಾಗಿರಲಿ, ಕೈಯನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳಿ. ಹಾಸಿಗೆಯ ಮೇಲೆ ಹಳೆಯ ಬಟ್ಟೆಯೊಂದನ್ನು ಹಾಸಿ ಅಂಗಾತ ಮಲಗಿ, ಮಂಡಿ ಮಡಚಿ ಕಾಲು ಅಗಲಿಸಿ. ಮಾತ್ರೆಯನ್ನು ಒಂದು ಕ್ಷಣ ನೀರಿನಲ್ಲಿ ಒದ್ದೆ ಮಾಡಿದರೆ ಸಲೀಸಾಗಿ ಜಾರುತ್ತದೆ. ತೋರುಬೆರಳಿನಿಂದ ಯೋನಿಯೊಳಗೆ, ನೇರ ಮೇಲಕ್ಕಲ್ಲ, ಸ್ವಲ್ಪ ಬೆನ್ನಿನ ಕಡೆಗೆ ತಳ್ಳಿ. ಬೆರಳು ಎಷ್ಟು ಆರಾಮಾಗಿ ಹೋಗುತ್ತದೋ ಅಷ್ಟು ಸಾಕು. ಬಾಯಿಯ ಹತ್ತಿರವೇ ಬಿಟ್ಟರೆ ಬೆಳಿಗ್ಗೆ ಚುಚ್ಚಿದ ಹಾಗಾಗುತ್ತದೆ. ಕೆಲವು ಪ್ಯಾಕಿನಲ್ಲಿ ಪ್ಲಾಸ್ಟಿಕ್ ಅಪ್ಲಿಕೇಟರ್ ಇರುತ್ತದೆ, ಬಸುರಿಯರು ಅದನ್ನು ಡಾಕ್ಟರ್ ಹೇಳದೆ ಬಳಸಬಾರದು, ಬೆರಳೇ ಸರಿ.

ಬೆಳಿಗ್ಗೆ ಬಿಳಿ ಪುಡಿ, ನೀರು ಇಳಿಯುತ್ತದೆ. ಗಾಬರಿಯಾಗಬೇಡಿ, ಕರಗಿದ ಮಾತ್ರೆಯೇ ಅದು. ತೆಳು ಪ್ಯಾಡ್ ಇಟ್ಟುಕೊಳ್ಳಿ. ಮೊದಲ ದಿನ ಸ್ವಲ್ಪ ಉರಿಯಬಹುದು. ತಡೆಯಲಾರದಷ್ಟು ಉರಿದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಮುಟ್ಟಿನ ದಿನಗಳು ಹತ್ತಿರವಿದ್ದರೆ ಮುಗಿದ ಮೇಲೆ ಶುರು ಮಾಡುವುದು ಮೇಲು, ರಕ್ತದ ಜೊತೆ ಔಷಧಿಯೂ ಹೋಗಿಬಿಡುತ್ತದೆ. ಟ್ಯಾಂಪನ್, ಕಪ್ ಆಗ ಬೇಡ. ಔಷಧಿ ಮುಗಿಯುವವರೆಗೆ ಕೂಡುವುದೂ ಬೇಡ. ಈ ಕ್ರೀಮು ಮಾತ್ರೆಗಳು ಕಾಂಡೋಮ್ ರಬ್ಬರನ್ನು ದುರ್ಬಲ ಮಾಡುತ್ತವೆ.

ಎರಡು ಮೂರು ದಿನಕ್ಕೆ ತುರಿಕೆ ಇಳಿಯುತ್ತದೆ. ಇಳಿಯಿತು ಎಂದು ಉಳಿದ ಮಾತ್ರೆಯನ್ನು ಡಬ್ಬಿಗೆ ಹಾಕಿಡುವುದು ನಾವೆಲ್ಲ ಮಾಡುವ ತಪ್ಪು. ಮುಗಿಸಿ. ಒಂದು ವಾರವಾದರೂ ಹಾಗೇ ಇದ್ದರೆ ಅದೇ ಔಷಧಿ ಮತ್ತೆ ಕೊಳ್ಳಬೇಡಿ, ಪರೀಕ್ಷೆ ಮಾಡಿಸಿ.

ಗಂಡನಿಗೆ ತೊಂದರೆ ಏನೂ ಇಲ್ಲದಿದ್ದರೆ ಔಷಧಿ ಬೇಕಿಲ್ಲ. ಶಿಶ್ನದ ತುದಿಯಲ್ಲಿ ಕೆಂಪು, ತುರಿಕೆ ಇದ್ದರೆ ಅವರೂ ತೋರಿಸಬೇಕು. "ನಿನ್ನಿಂದಲೇ ಬಂತು" ಎಂಬ ಜಗಳಕ್ಕೆ ಇಲ್ಲಿ ಆಧಾರವಿಲ್ಲ.

ಮತ್ತೆ ಮತ್ತೆ ಬಂದರೆ

ವರ್ಷದಲ್ಲಿ ಮೂರು ಸಲವೋ ಅದಕ್ಕಿಂತ ಜಾಸ್ತಿಯೋ ಬಂದರೆ ಲೆಕ್ಕ ಬೇರೆ. ಮೊದಲು ಶುಗರ್ ನೋಡಿಸಿ. ಖಾಲಿ ಹೊಟ್ಟೆಯದ್ದು ಮಾತ್ರವಲ್ಲ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ. ತನಗೆ ಸಕ್ಕರೆ ಕಾಯಿಲೆ ಇದೆ ಎಂಬುದು ಕೆಲವರಿಗೆ ಈ ತುರಿಕೆಯಿಂದಲೇ ಗೊತ್ತಾಗುತ್ತದೆ. ಎಚ್‌ಐವಿ ಪರೀಕ್ಷೆಯನ್ನೂ ಡಾಕ್ಟರ್ ಹೇಳಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಈಗಾಗಲೇ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸ್ಟ್ರಿಪ್ ತಿರುಗಿಸಿ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ "ಗ್ಲಿಫ್ಲೋಜಿನ್" ಎಂದು ಮುಗಿಯುವ ಹೆಸರಿದೆಯಾ? ಇವು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಔಷಧಿ. ಆದರೆ ಮೂತ್ರ ಸಿಹಿಯಾದರೆ ಕೆಳಗಿನ ಯೀಸ್ಟ್‌ಗೆ ಹಬ್ಬ. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ನಮ್ಮಲ್ಲಿ ಬಹಳ ಜನ ಇದನ್ನು ನುಂಗುತ್ತಿದ್ದಾರೆ. ಹೃದಯದ ಡಾಕ್ಟರಿಗೆ ತುರಿಕೆಯ ವಿಷಯ ಯಾರೂ ಹೇಳುವುದಿಲ್ಲ, ಹೆಂಗಸರ ಡಾಕ್ಟರಿಗೆ ಹೃದಯದ ಮಾತ್ರೆಯ ವಿಷಯ ಯಾರೂ ಹೇಳುವುದಿಲ್ಲ. ಇಬ್ಬರಿಗೂ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ. ಮೂತ್ರ ಮಾಡಿದಾಗಲೆಲ್ಲ ನೀರಲ್ಲಿ ತೊಳೆದು ಒರೆಸಿಕೊಂಡರೆ ಸ್ವಲ್ಪ ತಪ್ಪುತ್ತದೆ.

ಪದೇ ಪದೇ ಬರುವವರಿಗೆ ಕಲ್ಚರ್ ಪರೀಕ್ಷೆ ಮಾಡಿಸುತ್ತಾರೆ, ಅಂದರೆ ಫಂಗಸ್ ಅನ್ನು ಲ್ಯಾಬಿನಲ್ಲಿ ಬೆಳೆಸಿ ಯಾವ ಜಾತಿ ಎಂದು ನೋಡುತ್ತಾರೆ. ಸಾಮಾನ್ಯ ಜಾತಿಯದ್ದೇ ಆಗಿದ್ದರೆ ಫ್ಲೂಕೊನಜೋಲ್ ಅನ್ನು ಮೂರು ದಿನಕ್ಕೊಂದರಂತೆ ಮೂರು ಸಲ, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು ಕೊಡುವುದು ರೂಢಿ. ಗ್ಲಾಬ್ರಾಟಾ ಎಂಬ ಇನ್ನೊಂದು ಜಾತಿ ಈ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಅದಕ್ಕೆ 600 ಮಿ.ಗ್ರಾಂ.ನ ಬೋರಿಕ್ ಆಸಿಡ್ ಕ್ಯಾಪ್ಸೂಲನ್ನು ಮೂರು ವಾರ ಒಳಗೆ ಇಡಿಸುತ್ತಾರೆ. ಇದು ಹೊಟ್ಟೆಗೆ ಹೋದರೆ ವಿಷ, ಬಸುರಿಯರಿಗೆ ಪೂರ್ತಿ ನಿಷಿದ್ಧ. ಕೇರಂ ಬೋರ್ಡಿಗೆ ಹಾಕುವ ಪುಡಿಯೂ ಬೋರಿಕ್ಕೇ ಅಲ್ವಾ ಎಂದು ಒಬ್ಬಾಕೆ ನನ್ನನ್ನು ಕೇಳಿದ್ದರು. ದಯವಿಟ್ಟು ಬೇಡ.

ಅಡುಗೆಮನೆಯ ಮದ್ದು ಕೂಡ ಬೇಡ. ಬೆಳ್ಳುಳ್ಳಿ ಎಸಳು, ಮೊಸರು, ನಿಂಬೆರಸ ಒಳಗೆ ಹೋಗುವಂಥವಲ್ಲ. ಮೊಸರನ್ನು ಅನ್ನಕ್ಕೆ ಕಲಸಿಕೊಂಡು ತಿನ್ನಿ. ಡೆಟಾಲ್ ಹಾಕಿ ತೊಳೆಯುವುದು, ಹ್ಯಾಂಡ್ ಶವರ್ ಅನ್ನು ಒಳಕ್ಕೆ ಹಿಡಿಯುವುದು, ಪರಿಮಳದ ವಾಶ್ ಹಾಕುವುದು, ಇವೆಲ್ಲ ಅಲ್ಲಿನ ಲ್ಯಾಕ್ಟೋಬ್ಯಾಸಿಲಸ್‌ಗೆ ತೊಂದರೆ ಕೊಡುತ್ತವೆ. ಹೊರಗೆ ನೀರು ಸಾಕು. ಒಳಗನ್ನು ದೇಹವೇ ತೊಳೆದುಕೊಳ್ಳುತ್ತದೆ.

ಇನ್ನು ಬಟ್ಟೆ. ಹತ್ತಿಯದ್ದು, ಸಡಿಲವಾದದ್ದು, ಬೆವತರೆ ಬದಲಾಯಿಸುವುದು, ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಆಗದ್ದು ಒಣಗಿಸುವುದು. ನಮ್ಮದು ಮಲೆನಾಡಿನ ಸಾಗರ ಊರಿನ ಕಡೆಯ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣುವುದಿಲ್ಲ. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಅಪ್ಪನ ಪಂಚೆ ಅಗಲವಾಗಿ ಹರಡಿರುತ್ತಿತ್ತು. ಅಮ್ಮನ ಮತ್ತು ನಾವಿಬ್ಬರು ಹೆಣ್ಣುಮಕ್ಕಳ ಚಡ್ಡಿಗಳು ಅದರ ಅಡಿಯಲ್ಲಿ, ಯಾರಿಗೂ ಕಾಣದ ಹಾಗೆ, ಮುದುಡಿಕೊಂಡು. ಮಾರನೇ ಬೆಳಿಗ್ಗೆ ಮುಟ್ಟಿದರೆ ಪಂಚೆ ಬೆಚ್ಚಗೆ ಗರಿಗರಿ, ನಮ್ಮದು ತಣ್ಣಗೆ ತೇವ. ಅದನ್ನೇ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆವು. ಈಗ ರಜೆಗೆ ಊರಿಗೆ ಹೋದರೆ ಪಂಚೆಯನ್ನು ಆಚೆ ಸರಿಸಿ, ಒಲೆಗೆ ಹತ್ತಿರದ ಜಾಗದಲ್ಲಿ ನಮ್ಮದನ್ನು ಬಿಡಿಸಿ ಹಾಕುತ್ತೇನೆ. ಪೂರ್ತಿ ಒಣಗದಿದ್ದರೆ ಇಸ್ತ್ರಿ ಪೆಟ್ಟಿಗೆ ಎರಡು ಸಲ ಆಡಿಸಿದರೆ ಆಯಿತು. ಮೊದಲ ದಿನ ಅಮ್ಮ "ಅಪ್ಪ ನೋಡ್ತಾರೆ ಕಣೇ" ಅಂದರು. ಎರಡನೇ ದಿನ ತಮ್ಮದನ್ನೂ ತಂದು ಪಕ್ಕಕ್ಕೆ ಹಾಕಿದರು.